ಆರು ಲಕ್ಷದ ಮಳೆ

ಮಾತಾವಲು ಊರಿನಲ್ಲಿ ಮದುವೆಯಾದರೂ, ಮಣ್ಣಾದರೂ, ಚರ್ಚಿನ ಮಾಡಿಗೆ ಹೊಸ ತಗಡು ಹೊದಿಸಿದರೂ ಪೆನಿಯಾಮಿನನ ಗಂಟಲು ಬೇಕೇ ಬೇಕು. ನಮ್ಮ ಸಾಮೋವಾದಲ್ಲಿ ಉಡುಗೊರೆ ಕೊಟ್ಟರಷ್ಟೇ ಸಾಲದು. ಕೊಟ್ಟದ್ದನ್ನು ಬಯಲಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕು. ಆ ಕೂಗುವ ಹಕ್ಕು ಪೆನಿಯಾಮಿನನ ಮನೆತನಕ್ಕೆ ಏಳು ತಲೆಮಾರಿನಿಂದ ಬಂದದ್ದು. ಸೊಂಟಕ್ಕೆ ಲಾವಲಾವಾ ಪಂಚೆ ಬಿಗಿದು, ಹೆಗಲಿಗೆ ನಾರಿನ ಚವರಿ ಹಾಕಿ, ಕೋಲೂರಿ ನಿಂತು ಅವನು "ಒಂದು ಹಂದಿ!" ಎಂದರೆ ಪಕ್ಕದ ಊರಿನ ಹಂದಿಗಳು ಓಡಿ ಅವಿತುಕೊಳ್ಳುತ್ತವೆ ಎಂದು ಅವನ ಹೆಂಡತಿ ಸಿನಪತಿ ಹೇಳುವುದುಂಟು. ಇದು ಉತ್ಪ್ರೇಕ್ಷೆ. ಪಕ್ಕದ ಊರಿನ ಹಂದಿಗಳು ಎದ್ದು ನಿಲ್ಲುತ್ತವೆ, ಅಷ್ಟೆ.

ಇಂಥ ಗಂಟಲಿನ ಗಂಡಸಿಗೆ ಇದ್ದ ಒಬ್ಬಳೇ ಮಗಳು ಫುವತಿನೊ. ಮಾತು ಕಡಿಮೆ. ಆಪಿಯಾದ ಟೆಲಿವಿಷನ್ ಕಚೇರಿಯಲ್ಲಿ ನಾಲ್ಕು ವರ್ಷ ದುಡಿದು, ಸ್ವಂತದ್ದೊಂದು ಕ್ಯಾಮೆರಾ ಕೊಂಡು, ಊರಿಗೆ ಬಂದು ಸಿನಿಮಾ ತೆಗೆದಳು. ಹೆಸರು 'ಚಾಪೆ ಮಾರಿದವಳು'. ಒಬ್ಬ ವಿಧವೆ ತನ್ನ ಹೆಣಕ್ಕೆ ಹೊದಿಸಲೆಂದು ಎರಡು ವರ್ಷ ಕೂತು ನವಿರು ಚಾಪೆ ಹೆಣೆಯುತ್ತಾಳೆ. ಮುಗಿದ ಮೇಲೆ ಅದನ್ನು ಮಾರಿ ದೋಣಿಗೊಂದು ಯಂತ್ರ ಕೊಳ್ಳುತ್ತಾಳೆ, ಗಂಡನ ಗೋರಿ ಇರುವ ಚಿಕ್ಕ ದ್ವೀಪಕ್ಕೆ ಹೋಗಿಬರಲು. ಅಷ್ಟೇ ಕಥೆ. ವಿಧವೆಯಾಗಿ ಸಿನಪತಿಯೇ ನಟಿಸಿದಳು. ಗಂಡ ಎದುರಿಗೆ ಗುಂಡುಕಲ್ಲಿನ ಹಾಗೆ ಕೂತಿರುವಾಗ ಇವಳು ವಿಧವೆಯಾಗುವುದೆಂದರೇನು ಎಂದು ಪೆನಿಯಾಮಿನ ಮುನಿಸಿಕೊಂಡ. "ಸ್ವಲ್ಪ ಹೊತ್ತು ಸುಮ್ನಿರ್ರೀ, ಅಭ್ಯಾಸ ಮಾಡ್ಕೋತೀನಿ" ಎಂದಳು ಸಿನಪತಿ.

ಮೊದಲ ಪ್ರದರ್ಶನ ಚರ್ಚಿನ ಪಕ್ಕದ ಸಭಾಭವನದಲ್ಲಿ ಆಯಿತು. ಹದಿನೇಳು ಜನ ಬಂದರು. ಹತ್ತನೇ ನಿಮಿಷಕ್ಕೆ ಉಲಿಮಾ ಎದ್ದ. ಉಲಿಮಾ ಊರಿನ ಏಕೈಕ ಅಂಗಡಿಯ ಮಾಲೀಕ, ಚರ್ಚಿನ ಮೂವರು ಹಿರಿಯರಲ್ಲಿ ಒಬ್ಬ. ಬಿಡಿಯಾಗಿ ಒಂದು ಬೆಂಕಿಕಡ್ಡಿಯನ್ನೂ ಮಾರದ ಮನುಷ್ಯ. ಬೇಕಿದ್ದರೆ ಪೊಟ್ಟಣ ಪೂರ್ತಿ ತಗೋ, ಇಲ್ಲದಿದ್ದರೆ ಕತ್ತಲಲ್ಲಿ ಕೂರು ಎನ್ನುವವನು.

"ಮಳೆ ನೋಡೋಕೆ ಇಲ್ಲಿಗ್ಯಾಕೆ ಬರ್ಬೇಕು ಪೆನಿ? ನಮ್ಮನೆ ಮಾಡು ಸೋರ್ತದೆ, ಅಲ್ಲೇ ಕೂತು ನೋಡ್ತೀನಿ" ಎಂದು ಹೊರಟೇಬಿಟ್ಟ. ಅವನ ಹಿಂದೆ ಒಬ್ಬೊಬ್ಬರೇ ಎದ್ದರು. ಕೊನೆಗೆ ಉಳಿದವರು ನಾಲ್ಕು ಜನ: ಪೆನಿಯಾಮಿನ, ಸಿನಪತಿ, ಫುವತಿನೊ, ಮತ್ತೆ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದ ಪಾದ್ರಿಗಳ ಮಾವ. ಆಪಿಯಾದಿಂದ ಬಂದಿದ್ದ ಪತ್ರಿಕೆಯ ಸಿನಿಮಾ ವಿಮರ್ಶಕ ಪೆಲೆನಾತೊ ಮಾತ್ರ ಮರ್ಯಾದೆಗಾಗಿ ಮುಕ್ಕಾಲು ಸಿನಿಮಾ ನೋಡಿ, ದೋಣಿ ತಪ್ಪುತ್ತದೆಂದು ಓಡಿದ. ಮೂರನೇ ದಿನ ಪತ್ರಿಕೆಯ ಮೂಲೆಯಲ್ಲಿ ಮೂರು ಸಾಲು ಬಂತು: "ಬಲು ನಿಧಾನ. ಮಳೆ ಜಾಸ್ತಿ. ಚಾಪೆ ಇನ್ನೂ ಜಾಸ್ತಿ."

ಫುವತಿನೊ ಅಳಲಿಲ್ಲ. ಅದೇ ಪೆನಿಯಾಮಿನನಿಗೆ ಹೆದರಿಕೆ ಹುಟ್ಟಿಸಿದ್ದು.

"ಅಪ್ಪಾ, ಆಪಿಯಾದ ವಿಮೆ ಕಚೇರೀಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಸೇರ್ಕೋತೀನಿ. ಕ್ಯಾಮೆರಾ ಮಾರ್ಬಿಡ್ತೀನಿ" ಎಂದಳು.

"ಯಾಕವ್ವಾ? ಆ ಪತ್ರಿಕೆಯವನು ಬರೆದ ಅಂತಾನಾ?"

"ಅವನು ಬರೀಲಿ ಬಿಡು. ನಮ್ಮೂರಿನ ಸಿನಿಮಾನ ನಮ್ಮೂರಿನವರೇ ಕೂತು ನೋಡ್ಲಿಲ್ಲ. ಇನ್ಯಾರಿಗೆ ತೋರಿಸ್ಲಿ?"

ಅವತ್ತೇ ಪೆನಿಯಾಮಿನ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ: ಮಗಳು ಆ ಕಚೇರಿಯ ಕುರ್ಚಿಯಲ್ಲಿ ಕೂರುವ ಮೊದಲು ಇಡೀ ಊರು ಈ ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ ನೋಡಲೇಬೇಕು. ಹೇಗೆ ಎಂಬುದು ಮಾತ್ರ ಅವನಿಗೂ ತಿಳಿದಿರಲಿಲ್ಲ.

ಅಷ್ಟರಲ್ಲಿ ದ್ವೀಪ ಚಿತ್ರೋತ್ಸವ ಸಮಿತಿಯವರ ಅರ್ಜಿ ನಮೂನೆ ಬಂತು. ಫುವತಿನೊ ಬೇಸರದಿಂದಲೇ ಎಲ್ಲವನ್ನೂ ತುಂಬಿ, ಒಂದು ಜಾಗ ಖಾಲಿ ಬಿಟ್ಟಳು. "ಒಟ್ಟು ವೆಚ್ಚ ಅಂತ ಕೇಳಿದಾರೆ. ನನ್ನ ಕೈಯಿಂದ ಹೋಗಿದ್ದು ಏಳು ಸಾವಿರದ ಇನ್ನೂರು ತಾಲಾ. ಊರೊಳಗಿನದ್ದು ನಿಂಗೇ ಗೊತ್ತು, ಸೇರಿಸಿ ಕಳಿಸ್ಬಿಡು" ಎಂದು ಹೇಳಿ ಆಪಿಯಾಕ್ಕೆ ಹೋದಳು.

ಪೆನಿಯಾಮಿನ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಅರ್ಜಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಕೊಟ್ಟದ್ದನ್ನು ಹೇಳುವುದು ಅವನ ಕುಲಕಸುಬು. ಸುಳ್ಳು ಹೇಳಿದರೆ ಏಳು ತಲೆಮಾರಿಗೆ ಅವಮಾನ. ಹಂದಿ ನಾಲ್ಕು, ಕೆಸುವಿನ ಗೆಡ್ಡೆ ಇಷ್ಟು ಬುಟ್ಟಿ, ಡಬ್ಬಿ ಮೀನು ಇಷ್ಟು ಪೆಟ್ಟಿಗೆ ಎಂದು ಬರೆದ. ಎಲ್ಲ ಸೇರಿ ನಲವತ್ತು ಸಾವಿರಕ್ಕೆ ನಿಂತಿತು. ಆಮೇಲೆ ನವಿರು ಚಾಪೆಗಳಿಗೆ ಬಂದ.

ಚಾಪೆಗಳ ಸಂಗತಿ ಹೀಗಿತ್ತು. ಊರಲ್ಲಿ ಸಿನಿಮಾ ತೆಗೆಯಲು ಅಪ್ಪಣೆ ಕೇಳುವಾಗ ಪೆನಿಯಾಮಿನ ತನ್ನ ಮನೆಯ ಇಪ್ಪತ್ತು ಚಾಪೆಗಳನ್ನು ಊರಿನ ದೊಡ್ಡ ಮುಖಂಡರಾದ ಲೇಯಿಲುವಾ ಅವರ ಮುಂದಿಟ್ಟ. ಲೇಯಿಲುವಾ ದೊಡ್ಡ ಮನಸ್ಸಿನವರು. ಕೆಲಸಕ್ಕೆ ನಮ್ಮದೂ ಒಂದು ಪಾಲಿರಲಿ ಎಂದು ವಾರದೊಳಗೆ ಅವನ್ನೇ ತಿರುಗಿ ಕೊಟ್ಟರು. ಕ್ಯಾಮೆರಾಕ್ಕೆ ಪ್ರಾರ್ಥನೆ ಮಾಡಿದ ಪಾದ್ರಿಗಳಿಗೆ ಅವೇ ಹೋದವು. ಸಿನಿಮಾದ ಸಾವಿನ ದೃಶ್ಯಕ್ಕೆ ಬೇಕಾದಾಗ ಪಾದ್ರಿಗಳ ಮನೆಯಿಂದ ಅವೇ ಬಂದವು. ದೋಣಿ ಕೊಟ್ಟ ಪಕ್ಕದ ಊರಿಗೆ ಹೋದವು, ಅಲ್ಲಿಂದ ಮರ್ಯಾದೆಯೊಂದಿಗೆ ಮರಳಿದವು, ಕೊನೆಯ ಔತಣದ ದಿನ ಮತ್ತೆ ಲೇಯಿಲುವಾ ಅವರ ಅಂಗಳ ಕಂಡವು, ಆಮೇಲೆ ಹೇಗೋ ಪೆನಿಯಾಮಿನನ ಅಟ್ಟ ಸೇರಿಕೊಂಡವು. ಈ ಕೊನೆಯದನ್ನು ಬಿಟ್ಟರೆ ಏಳು ಸಲ ಕೈ ಬದಲಾಗಿದ್ದವು. ಏಳು ಸಲವೂ ಪೆನಿಯಾಮಿನನೇ ಬಯಲಲ್ಲಿ ನಿಂತು "ಇಪ್ಪತ್ತು ಚಾಪೆ!" ಎಂದು ಕೂಗಿದ್ದ. ಕೂಗಿದ ಮೇಲೆ ಕೊಟ್ಟ ಹಾಗೆ. ಕೊಟ್ಟ ಮೇಲೆ ವೆಚ್ಚ. ಅವನು ನೂರ ನಲವತ್ತು ಚಾಪೆ ಎಂದು ಬರೆದ. ಒಂದಕ್ಕೆ ನಾಲ್ಕು ಸಾವಿರದಂತೆ ಗುಣಿಸಿದ.

"ಎಷ್ಟಾಯ್ತು?" ಎಂದಳು ದೀವಿಹಲಸು ಸುಡುತ್ತಿದ್ದ ಸಿನಪತಿ.

"ಎಲ್ಲಾ ಸೇರಿ ಆರು ಲಕ್ಷ ಏಳು ಸಾವಿರದ ಇನ್ನೂರು."

"ರೀ, ನಮ್ಮ ಮಾಡಿಗೆ ಎರಡು ತಗಡು ಹಾಕ್ಸೋಕೆ ದುಡ್ಡಿಲ್ಲ."

"ಮಾಡಿನ ಮಾತು ಬೇರೆ ಕಣೇ. ಇದು ಗೌರವದ ಲೆಕ್ಕ" ಎಂದು ಪೆನಿಯಾಮಿನ ಸಹಿ ಹಾಕಿದ.

ಹತ್ತು ದಿನ ಕಳೆದಿರಲಿಲ್ಲ, ಸಮಿತಿಯ ಪಟ್ಟಿ ನೋಡಿದ ಪತ್ರಿಕೆಯ ಮೊದಲ ಪುಟದಲ್ಲಿ ಸಿನಪತಿಯ ಮುಖ. ಮೇಲೆ ದಪ್ಪ ಅಕ್ಷರ: "ನಮ್ಮ ದ್ವೀಪಗಳ ಅತಿ ದುಬಾರಿ ಸಿನಿಮಾ! ವೆಚ್ಚ ಆರು ಲಕ್ಷ!" ಒಳಪುಟದಲ್ಲಿ ಪೆಲೆನಾತೊ ಮೂರು ಸಾಲಿನ ಬದಲು ಎರಡು ಅಂಕಣ ಬರೆದಿದ್ದ. "ಅವಸರವಿಲ್ಲದ ಶ್ರೀಮಂತ ನಡಿಗೆ" ಎಂದಿದ್ದ. "ಮಳೆಯ ಒಂದೊಂದು ಹನಿಯಲ್ಲೂ ವೆಚ್ಚ ಮಿನುಗುತ್ತದೆ" ಎಂದಿದ್ದ. "ಚರ್ಚಿನ ಹಿರಿಯನೊಬ್ಬ ಬೀಸಣಿಗೆಯ ಮರೆಯಲ್ಲಿ ತೂಕಡಿಸುವ ದೃಶ್ಯವಂತೂ ಎಂಟೆದೆಯ ಸಾಹಸ" ಎಂದೂ ಸೇರಿಸಿದ್ದ.

ಊರು ಪತ್ರಿಕೆಯನ್ನು ಉಲಿಮಾನ ಅಂಗಡಿಯ ಮುಂದೆ ಓದಿತು.

"ನಾನು ಅವತ್ತೇ ಅಂದ್ಕೊಂಡೆ" ಎಂದ ಉಲಿಮಾ, ಗಲ್ಲಾಪೆಟ್ಟಿಗೆಯ ಮೇಲೆ ಮೊಣಕೈಯೂರಿ. "ಆ ಮಳೆ ನಮ್ಮ ಮಳೆ ಅಲ್ಲ. ನಮ್ಮ ಮಳೆ ಸೊಟ್ಟಗೆ ಬೀಳ್ತದೆ. ಅದು ನೆಟ್ಟಗೆ ಬೀಳ್ತಾ ಇತ್ತು. ದುಡ್ಡು ಕೊಟ್ಟು ತರಿಸಿದ್ದು."

"ಎಲ್ಲಿಂದ?"

"ನ್ಯೂಜಿಲೆಂಡಿಂದ. ಅಲ್ಲಿ ಎಲ್ಲಾ ನೆಟ್ಟಗೆ."

"ಮತ್ತೆ ನೀನು ಎದ್ದು ಹೋದ್ಯಲ್ಲೋ?" ಎಂದ ಪೆನಿಯಾಮಿನ.

"ಕಣ್ಣು ಕುಕ್ಕಿತು ಪೆನಿ. ಆರು ಲಕ್ಷ ಒಟ್ಟಿಗೆ ನೋಡೋಕಾಗುತ್ತಾ? ಕಂತಿನಲ್ಲಿ ನೋಡೋಣ ಅಂತ ಹೋದೆ."

ಪೆನಿಯಾಮಿನನ ಎದೆ ಉಬ್ಬಿತು. ಮಗಳ ಸಿನಿಮಾದ ಹೆಸರು ಊರಿನ ಬಾಯಲ್ಲಿತ್ತು. ಉಪೋಲು ದ್ವೀಪದಿಂದ ಅವನ ಮೂರು ಜನ ಅತ್ತೆಯಂದಿರು, ಇವರಲ್ಲಿ ಒಬ್ಬಳನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ, ಚಾಪೆ ಸುತ್ತಿಕೊಂಡು ಬಂದಿಳಿದರು. "ನಮ್ಮ ಫುವತಿನೊ ಹುಟ್ಟಿದಾಗ ನಾನೇ ಎತ್ತಿ ಆಡಿಸಿದ್ದು" ಎಂದಳು ಆ ಕಾಣದ ಅತ್ತೆ. ಅವರು ಎರಡು ವಾರ ಇದ್ದರು. ಒಬ್ಬರೂ ಸಿನಿಮಾ ತೋರಿಸು ಎನ್ನಲಿಲ್ಲ. ಇಂಥ ಸಿನಿಮಾದ ಮನೆಯಲ್ಲಿ ಮಾಂಸ ಯಾಕೆ ದಿನಾ ಇಲ್ಲ ಎಂದಷ್ಟೇ ಕೇಳಿದರು.

ಸಿನಿಮಾವನ್ನು ಮತ್ತೊಮ್ಮೆ ತೋರಿಸಿಬಿಡೋಣ ಎಂದು ಪೆನಿಯಾಮಿನ ಹೊರಟಾಗಲೇ ಪಾದ್ರಿಗಳ ಕಣ್ಣು ಪತ್ರಿಕೆಯ ಒಳಪುಟಕ್ಕೆ ಬಿದ್ದದ್ದು.

ಮುಖಂಡರ ಸಭೆ ಕೂಡಿತು. ಲೇಯಿಲುವಾ ಕಂಬಕ್ಕೊರಗಿ ಕೂತರು. ಪಾದ್ರಿಗಳು ಪತ್ರಿಕೆ ಬಿಡಿಸಿ, ತೂಕಡಿಕೆಯ ಸಾಲನ್ನು ಎರಡು ಸಲ ಓದಿದರು.

"ನನ್ನ ಪ್ರವಚನ ನಡೀತಾ ಇರುವಾಗ ನಮ್ಮ ಚರ್ಚಿನ ಹಿರಿಯರು ನಿದ್ದೆ ಮಾಡ್ತಾರೆ ಅಂತ ಇಡೀ ಪೆಸಿಫಿಕ್ಕಿಗೆ ತೋರಿಸ್ತಾರಂತೆ! ಇದು ನನಗೆ ಅವಮಾನವೋ, ಹಿರಿಯರಿಗೆ ಅವಮಾನವೋ, ದೇವರಿಗೋ, ಸಭೆಯೇ ಹೇಳಬೇಕು" ಎಂದರು.

ಮೂವರು ಹಿರಿಯರಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿದರು.

"ನಾನಂತೂ ಅಲ್ಲ" ಎಂದ ಉಲಿಮಾ. "ನಾನು ಪ್ರವಚನದಲ್ಲಿ ಕಣ್ಣು ಮುಚ್ಚೋದು ಧ್ಯಾನಕ್ಕೆ."

"ನಂದೂ ಧ್ಯಾನವೇ" ಎಂದ ಎರಡನೆಯವನು. ಮೂರನೆಯವನಿಗೆ ಕೇಳಿಸಿರಲಿಲ್ಲ, ಅವನು ಆಗಲೂ ಧ್ಯಾನದಲ್ಲಿದ್ದ.

"ಹನ್ನೆರಡು ಸೆಕೆಂಡು ಮಾತ್ರ ಇದೆ ಹಿರಿಯರೇ. ಮುಖವೂ ಕಾಣಲ್ಲ, ಬೀಸಣಿಗೆ ಅಡ್ಡ ಇದೆ" ಎಂದು ಪೆನಿಯಾಮಿನ ಕೈ ಮುಗಿದ.

"ಮುಖ ಕಾಣದಿದ್ರೆ ಇನ್ನೂ ಕೆಟ್ಟದ್ದು. ಮೂರು ಜನಕ್ಕೂ ಅವಮಾನ ಆಯ್ತಲ್ಲ" ಎಂದರು ಲೇಯಿಲುವಾ.

ತೀರ್ಪು ಹೊರಬಿತ್ತು. 'ಚಾಪೆ ಮಾರಿದವಳು' ಮಾತಾವಲು ಊರಿನಲ್ಲಿ ನಿಷಿದ್ಧ. ದಂಡವಾಗಿ ಒಂದು ಹೆಣ್ಣು ಹಂದಿ, ಹತ್ತು ಪೆಟ್ಟಿಗೆ ಡಬ್ಬಿ ಮೀನು. ದಂಡ ಕೊಟ್ಟ ದಿನ ಅದನ್ನು ಕೂಗಿ ಹೇಳಬೇಕಾದವನೂ ಪೆನಿಯಾಮಿನನೇ. ಅವನು ತನ್ನ ದಂಡವನ್ನು ತಾನೇ ಎಷ್ಟು ಸೊಗಸಾಗಿ ಕೂಗಿದನೆಂದರೆ, ಕೇಳಿದವರಿಗೆ ಯಾರದೋ ಮದುವೆ ಅನ್ನಿಸಿತು.

ನಿಷೇಧದ ಸುದ್ದಿ ಪತ್ರಿಕೆಯಲ್ಲಿ ಬಂದದ್ದೇ ತಡ, ದ್ವೀಪದ ಆ ತುದಿಯಿಂದ ಬಸ್ಸುಗಳು ಹೊರಟವು. ಮರದ ಬೆಂಚಿನ ಬಸ್ಸುಗಳಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಜನ ಬಂದರು. ಸಿನಿಮಾ ಇರಲಿಲ್ಲ, ಬಂದವರು ಸಿನಿಮಾ ನಿಷೇಧವಾದ ಸಭಾಭವನವನ್ನು ಸುತ್ತಿ ನೋಡಿ, ಬಾಗಿಲ ಬೀಗ ಮುಟ್ಟಿ, ಸಿನಪತಿಯ ಜೊತೆ ಫೋಟೊ ತೆಗೆಸಿಕೊಂಡರು. ಉಲಿಮಾನ ಅಂಗಡಿಯಲ್ಲಿ ಬಿಸ್ಕತ್ತು ಖಾಲಿಯಾಯಿತು.

ಆಗ ಯಾರೋ ಒಬ್ಬ ಬಸ್ಸಿನವ ಕೇಳಿದ: "ಆರು ಲಕ್ಷದ ಸಿನಿಮಾದಲ್ಲಿ ತೂಕಡಿಸಿದವನಿಗೆ ಎಷ್ಟು ಕೊಟ್ಟಿರಬೇಕು?"

"ಐವತ್ತು ಸಾವಿರಕ್ಕೆ ಕಡಿಮೆ ಇಲ್ಲ" ಎಂದ ಇನ್ನೊಬ್ಬ. "ಸುಮ್ನೇನಾ? ಆ ಥರ ತೂಕಡಿಸೋಕೆ ವರ್ಷಗಟ್ಟಲೆ ಸಾಧನೆ ಬೇಕು."

ಉಲಿಮಾ ಬಿಸ್ಕತ್ತು ಕಟ್ಟುವುದನ್ನು ನಿಲ್ಲಿಸಿದ. ಸಂಜೆ ಪ್ರಾರ್ಥನೆಯ ಶಂಖ ಊದುವ ಮೊದಲೇ ಪೆನಿಯಾಮಿನನ ಮನೆಗೆ ಬಂದ, ಕೈಯಲ್ಲಿ ಒಂದು ಬೀಸಣಿಗೆ.

"ಪೆನಿ, ಸರಿಯಾಗಿ ನೋಡು. ಅಂಚಿಗೆ ಕೆಂಪು ನೂಲು. ಸಿನಿಮಾದಲ್ಲಿರೋದು ಇದೇ ಬೀಸಣಿಗೆ. ಅದರ ಹಿಂದೆ ಇದ್ದದ್ದು ನಾನೇ."

"ನೀನು ಧ್ಯಾನ ಅಂದ್ಯಲ್ಲೋ?"

"ಸಭೇಲಿ ಹಾಗಂದೆ. ನಿಜ ಹೇಳ್ಬೇಕು ಅಂದ್ರೆ ನಾನು ಗಾಢ ನಿದ್ದೇಲಿದ್ದೆ. ದೇವರಾಣೆ."

ಮರುದಿನ ಬೆಳಿಗ್ಗೆ ಎರಡನೇ ಹಿರಿಯ ಬಂದ. ತನ್ನ ನಿದ್ದೆಗೆ ಸಾಕ್ಷಿಯಾಗಿ ಹೆಂಡತಿಯನ್ನೂ ಕರೆತಂದಿದ್ದ. ಮಧ್ಯಾಹ್ನ ಮೂರನೆಯವನು ಬಂದು ಮಾತಾಡದೆ ಗೋಡೆಗೊರಗಿ ನಿದ್ದೆ ಮಾಡಿಯೇ ತೋರಿಸಿದ. ಮೂವರ ನಡುವೆ ಚರ್ಚಿನ ಅಂಗಳದಲ್ಲಿ ಜಗಳ ಹತ್ತಿ, ನಿನ್ನದು ಬರೀ ಆಕಳಿಕೆ, ನಿನ್ನದು ಬರೀ ಮಂಪರು ಎಂದು ಕೈ ಕೈ ಮಿಲಾಯಿಸುವ ಹಂತಕ್ಕೆ ಹೋಯಿತು. ಕೇಳಿಸಿಕೊಂಡ ಪಾದ್ರಿಗಳು ಕಿಟಕಿ ಮುಚ್ಚಿಕೊಂಡರು.

ಇಷ್ಟೆಲ್ಲ ಗದ್ದಲದಲ್ಲಿ ಪೆನಿಯಾಮಿನನಿಗೆ ಒಂದು ವಿಷಯ ಮಾತ್ರ ಚುಚ್ಚುತ್ತಿತ್ತು. ಎಲ್ಲರೂ ಮಾತಾಡುವವರೇ, ಸಿನಿಮಾ ನೋಡಿದವರು ಇನ್ನೂ ಅದೇ ನಾಲ್ಕು ಜನ. ಅವರಲ್ಲೊಬ್ಬರು ಪೂರ್ತಿ ನಿದ್ದೆಯಲ್ಲಿದ್ದರು.

ಚಿತ್ರೋತ್ಸವ ಸಮಿತಿಯ ಅಧಿಕಾರಿಣಿ ವಾವೊಏಸೆ ಕಡತ ಹಿಡಿದು ದೋಣಿಯಿಳಿದದ್ದು ಆ ವಾರವೇ. ದೊಡ್ಡ ವೆಚ್ಚದ ಸಿನಿಮಾಗಳನ್ನು ಪರಿಶೀಲಿಸಬೇಕೆಂದು ನಿಯಮವಂತೆ. ಬಂದವಳು ಅಂಗಳದಲ್ಲಿ ಹಾಸಿದ ಚಾಪೆಯ ಮೇಲೆ ಕೂತು ಕನ್ನಡಕ ಏರಿಸಿದಳು. ಬೇಲಿಯ ಆಚೆ ಅರ್ಧ ಊರು ನಿಂತಿತ್ತು.

"ನೂರ ನಲವತ್ತು ನವಿರು ಚಾಪೆ ಅಂತ ಬರ್ದಿದೀರಿ. ನೋಡ್ಬಹುದಾ?"

ಪೆನಿಯಾಮಿನ ಅಟ್ಟದಿಂದ ಇಪ್ಪತ್ತು ಚಾಪೆ ಇಳಿಸಿ, ಒಂದೊಂದನ್ನೇ ಬಿಡಿಸಿ ಹಾಸಿದ. ಅಂಚಿನ ಕೆಂಪು ಗರಿಗಳು ಗಾಳಿಗೆ ಅಲುಗಿದವು.

"ಚೆನ್ನಾಗಿವೆ. ಮಿಕ್ಕ ನೂರ ಇಪ್ಪತ್ತು?"

"ಇವೇ ಅಮ್ಮಾ."

"ಇವು ಇಪ್ಪತ್ತು."

"ಹೌದು. ಏಳು ಸಲ ಇಪ್ಪತ್ತು. ಪ್ರತಿ ಸಲಾನೂ ನಾನೇ ಕೂಗಿದೀನಿ, ಊರಿಗೆ ಊರೇ ಕೇಳಿದೆ."

ವಾವೊಏಸೆ ಕನ್ನಡಕ ತೆಗೆದಳು. ಅವಳೂ ಸಾಮೋವಾದವಳೇ. ಅವಳ ತಾಯಿ ಸತ್ತಾಗ ಬಂದ ಚಾಪೆಯೊಂದು ತಮ್ಮನ ಮದುವೆಯಲ್ಲಿ ಹೋಗಿ, ಚಿಕ್ಕಪ್ಪನ ಪಟ್ಟಾಭಿಷೇಕದಲ್ಲಿ ಮರಳಿ ಬಂದದ್ದು ಅವಳಿಗೆ ಗೊತ್ತಿತ್ತು. ಒಂದು ಚಾಪೆಯ ಅಂಚನ್ನು ಬೆರಳಲ್ಲಿ ಸವರಿದಳು.

"ನೋಡಿ ಅಣ್ಣಾ" ಎಂದಳು. "ನಮ್ಮ ಸಂಪ್ರದಾಯದ ಪ್ರಕಾರ ನಿಮ್ಮ ಲೆಕ್ಕ ಸರಿ. ಅರ್ಜಿ ಪ್ರಕಾರ ತಪ್ಪು. ಈ ಅರ್ಜಿ ನಮೂನೆ ತಯಾರಿಸಿದವರು ಬೇರೆ ದೇಶದವರು, ಅವರಿಗೆ ಚಾಪೆ ಗೊತ್ತಿಲ್ಲ. ನಾನು ಏಳು ಸಾವಿರದ ಇನ್ನೂರು ಅಂತ ಬರ್ಕೋಬೇಕಾಗುತ್ತೆ."

"ಹಂದಿಗಳೂ ಇಲ್ವಾ?"

"ತಿಂದವರು ಯಾರು?"

"ಊರಿನವರು."

"ಹಾಗಾದ್ರೆ ಅದು ಸಿನಿಮಾ ಅಲ್ಲ, ಊಟ" ಎಂದು ಅವಳು ಕಡತ ಮುಚ್ಚಿದಳು.

ಬೇಲಿಯ ಆಚೆ ಸುದ್ದಿ ಹಬ್ಬಲು ಎಳನೀರು ಕೆತ್ತುವಷ್ಟು ಹೊತ್ತೂ ಬೇಕಾಗಲಿಲ್ಲ. ಮಧ್ಯಾಹ್ನದೊಳಗೆ ಮಳೆ ಮತ್ತೆ ನಮ್ಮೂರಿನ ಮಳೆಯಾಯಿತು.

"ನಾನು ಅವತ್ತೇ ಅಂದೆ" ಎಂದ ಉಲಿಮಾ. "ಅಂಥಾ ಅಗ್ಗದ ಮಳೆ ಎಲ್ಲೂ ನೋಡಿಲ್ಲ. ಏಳು ಸಾವಿರಕ್ಕೆ ಇನ್ನೇನು ಬರುತ್ತೆ, ಮಂಜು?" ತೂಕಡಿಸಿದ್ದು ನಾನೇ ಎಂದಿದ್ದ ಮೂವರೂ ಧ್ಯಾನಕ್ಕೆ ಮರಳಿದರು. ಅತ್ತೆಯಂದಿರು ಬೆಳಗಿನ ದೋಣಿ ಹಿಡಿದರು. ಪತ್ರಿಕೆಯಲ್ಲಿ ಪೆಲೆನಾತೊ ಬರೆದ: "ತೆರೆಯ ಮೇಲೆ ಬಡತನ ಎದ್ದು ಕಾಣುತ್ತದೆ." ಅವನು ಈ ಮೂರು ಬರಹಕ್ಕೂ ನೋಡಿದ್ದು ಅದೇ ಮುಕ್ಕಾಲು ಸಿನಿಮಾ.

ಫುವತಿನೊ ಆಪಿಯಾದಿಂದ ಫೋನ್ ಮಾಡಿದಳು. ಬೈಯಲಿಲ್ಲ. "ಹೋಗ್ಲಿ ಬಿಡಪ್ಪ. ಕ್ಯಾಮೆರಾ ಕೊಳ್ಳೋರು ಸಿಕ್ಕಿದಾರೆ. ಶನಿವಾರ ಬಂದು ನನ್ನ ಸಾಮಾನು ತಗೊಂಡು ಹೋಗ್ತೀನಿ, ಸೋಮವಾರ ಕೆಲಸಕ್ಕೆ ಸೇರ್ಬೇಕು" ಎಂದಳು. ಪೆನಿಯಾಮಿನ ಫೋನ್ ಹಿಡಿದೇ ನಿಂತಿದ್ದ. ತನ್ನ ಗಂಟಲಿನಿಂದ ಮಗಳ ಸಿನಿಮಾ ಹಾಳಾಯಿತು ಎಂದು ಅವನಿಗೆ ಅನ್ನಿಸಿಬಿಟ್ಟಿತು.

ಮರುದಿನ ಸೂರ್ಯ ಹುಟ್ಟುವಾಗ ಮಾತಾವಲು ಊರು ಹಿಂದೆಂದೂ ಕಾಣದ್ದನ್ನು ಕಂಡಿತು. ಲೇಯಿಲುವಾ ಅವರ ಮನೆಯ ಮುಂದೆ ಪೆನಿಯಾಮಿನ ನೆಲದ ಮೇಲೆ ತಲೆ ಬಾಗಿ ಕೂತಿದ್ದಾನೆ, ಮೈಮೇಲೆ ನವಿರು ಚಾಪೆಗಳ ರಾಶಿ. ಇದು ನಮ್ಮಲ್ಲಿ ದೊಡ್ಡ ತಪ್ಪಿಗೆ ಕ್ಷಮೆ ಕೇಳುವ ರೀತಿ. ನೊಂದವರು ಬಂದು ಚಾಪೆ ಎತ್ತುವವರೆಗೆ ಕೂತವನು ಕೂತೇ ಇರಬೇಕು. ಕೊಲೆಗೆ ಹೀಗೆ ಕೂತವರಿದ್ದಾರೆ, ಕಾಲು ಮುರಿದದ್ದಕ್ಕೆ ಕೂತವರಿದ್ದಾರೆ. ಗುಣಾಕಾರಕ್ಕೆ ಕೂತವನು ಪೆನಿಯಾಮಿನನೊಬ್ಬನೇ.

ಮುಖಂಡರೆಲ್ಲ ಸೇರಿದರು. ಚಾಪೆ ಸ್ವೀಕರಿಸಬೇಕಾದರೆ ಅದನ್ನು ಕೂಗಿ ಹೇಳಬೇಕು. ಕೂಗುವವನು ಚಾಪೆಗಳ ಅಡಿಯಲ್ಲಿದ್ದ. ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು.

"ನೀವೇ ಕೂಗ್ಬಿಡ್ರೀ, ಹೊತ್ತಾಗ್ತಿದೆ" ಎಂದಳು ಪಕ್ಕದಲ್ಲಿ ಕೂತ ಸಿನಪತಿ, ರಾಶಿಯನ್ನು ಮೊಣಕೈಯಲ್ಲಿ ತಿವಿದು.

"ಕೇಳಿರಿ!" ಎಂದು ಚಾಪೆಗಳ ಅಡಿಯಿಂದ ಗುಡುಗು ಬಂತು. "ಮಾತಾವಲು ಊರೇ ಕೇಳು! ಇಪ್ಪತ್ತು ಚಾಪೆ!"

"ಎಷ್ಟು ಸಲ?" ಎಂದರು ಲೇಯಿಲುವಾ.

"ಒಂದೇ ಸಲ ಹಿರಿಯರೇ."

ಲೇಯಿಲುವಾ ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಹೆಗಲು. ಇಡೀ ಸಭೆ ನಕ್ಕಿತು. ಅವರು ಎದ್ದು ಬಂದು ಚಾಪೆಗಳನ್ನು ಎತ್ತಿದರು. ಅಡಿಯಲ್ಲಿ ಪೆನಿಯಾಮಿನ ಬೆವರಿನಲ್ಲಿ ತೊಯ್ದು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದ.

"ಯಾಕೋ ಅಳ್ತೀಯ? ತಪ್ಪು ಮನ್ನಾ ಆಯ್ತಲ್ಲ."

"ನನ್ನ ತಪ್ಪಿಗಲ್ಲ ಹಿರಿಯರೇ. ಸಿನಿಮಾ ದುಬಾರಿ ಅಂದ್ರು, ಅಗ್ಗ ಅಂದ್ರು, ಕೆಟ್ಟದ್ದು ಅಂದ್ರು. ಯಾರೂ ನೋಡ್ಲೇ ಇಲ್ವಲ್ಲ. ನನ್ನ ಮಗಳು ಸೋಮವಾರ ಕ್ಯಾಮೆರಾ ಬಿಟ್ಟು ಹೋಗ್ತಾಳೆ."

ಲೇಯಿಲುವಾ ಗಂಭೀರರಾದರು. "ನಿಮ್ಮಲ್ಲಿ ಯಾರು ನೋಡಿದೀರಿ ಅದನ್ನ?" ಎಂದು ಸಭೆಯನ್ನು ಕೇಳಿದರು. ಪಾದ್ರಿಗಳು ಆಕಾಶ ನೋಡಿದರು. "ನಾನೂ ನೋಡಿಲ್ಲ. ನೋಡದೇ ಇರೋ ಸಿನಿಮಾದ ಮೇಲೆ ಮೂರು ವಾರ ಸಿಟ್ಟಾಗಿದ್ದೆ. ಈ ವಯಸ್ಸಿಗೆ ಅಷ್ಟು ಸಿಟ್ಟು ವ್ಯರ್ಥ ಮಾಡಬಾರದು. ಶನಿವಾರ ಮಧ್ಯಾಹ್ನ ಎಲ್ಲರೂ ನೋಡತಕ್ಕದ್ದು. ಬರದ ಮನೆಗೆ ಒಂದು ಪೆಟ್ಟಿಗೆ ಡಬ್ಬಿ ಮೀನು ದಂಡ!"

ಹೀಗಾಗಿ ಶನಿವಾರ ಸಭಾಭವನದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕಿಟಕಿಗಳಿಗೆ ಗೋಣಿ ತಾಟು ಕಟ್ಟಿ ಕತ್ತಲೆ ಮಾಡಿದರು. ಡಬ್ಬಿ ಮೀನಿನ ಭಯ ಜನರನ್ನು ಒಳಗೆ ತಂದಿತ್ತು. ಕೂರಿಸುವುದಕ್ಕೆ ಅದು ಸಾಲದು ಎಂದು ಪೆನಿಯಾಮಿನನಿಗೆ ಗೊತ್ತಿತ್ತು. ಹಾಜರಿ ತೆಗೆದ ಮೇಲೆ ಎದ್ದು ಹೋದರೆ ದಂಡವಿಲ್ಲ. ಉಲಿಮಾ ಬಾಗಿಲ ಪಕ್ಕದಲ್ಲೇ ಕೂತಿದ್ದ, ಒಂದು ಕಾಲಿಗೆ ಆಗಲೇ ಚಪ್ಪಲಿ ಹಾಕಿಕೊಂಡು. ಫುವತಿನೊ ಅಪ್ಪ ಅಮ್ಮನ ಹಿಂದಿನ ಸಾಲಿನಲ್ಲಿ, ಮಾರಬೇಕಾದ ಕ್ಯಾಮೆರಾದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

ತೆರೆಯ ಮೇಲೆ ಮಳೆ ಶುರುವಾಯಿತು.

"ಇದಾ ನ್ಯೂಜಿಲೆಂಡಿನ ಮಳೆ?" ಎಂದು ಯಾರೋ ಕಿಸಕ್ಕೆಂದರು.

"ಥೂ, ಇದು ನಮ್ಮ ಬಾವಿ ಕಟ್ಟೆ ಮೇಲಿನ ಮಳೆ. ಅಗೋ ನೋಡು, ನನ್ನ ಬಕೀಟು!" ಎಂದಿತು ಒಂದು ಹೆಣ್ಣು ದನಿ.

ಜನ ಬಗ್ಗಿ ನೋಡಿದರು. ಅವರದೇ ಬಾವಿ, ಅವರದೇ ಬಕೀಟು, ಅವರದೇ ಕೆಸರು. ತೂಕಡಿಕೆಯ ಹನ್ನೆರಡು ಸೆಕೆಂಡು ಬಂದು ಹೋಯಿತು. ಬೀಸಣಿಗೆಯನ್ನು ಹುಡುಕುತ್ತ ಬಂದವರು ಅದನ್ನು ಗಮನಿಸಲೇ ಇಲ್ಲ, ಯಾಕೆಂದರೆ ಅಷ್ಟರಲ್ಲಿ ವಿಧವೆಯ ಬೆರಳಿಗೆ ಗಾಯವಾಗಿತ್ತು, ಚಾಪೆಗೆ ರಕ್ತ ತಾಗದಂತೆ ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡು ಇನ್ನೊಂದೇ ಕೈಯಲ್ಲಿ ಹೆಣೆಯುತ್ತಿದ್ದಳು. ಮುದುಕಿಯರ ಸಾಲಿನಿಂದ ನಿಟ್ಟುಸಿರು ಬಂತು. ಚಾಪೆ ಮುಗಿಯಿತು. ಅವಳು ಅದನ್ನು ಮಾರಿದಳು. "ಮಾರ್ಬೇಡ್ವೇ!" ಎಂದು ಲೇಯಿಲುವಾ ಅವರೇ ಕೂಗಿಬಿಟ್ಟರು.

ಯಂತ್ರ ಬಂತು. ಯಂತ್ರಕ್ಕೆ ಪೆಟ್ರೋಲು ಬೇಕು. ವಿಧವೆ ಪುಟ್ಟ ಬಾಟಲಿ ಹಿಡಿದು ಅಂಗಡಿಯ ಕಿಟಕಿಗೆ ಹೋದಳು. ಒಳಗಿನ ಮುಖ ಕಾಣಲಿಲ್ಲ. ಉಂಗುರ ತೊಟ್ಟ ಒಂದು ಕೈ ಮಾತ್ರ ಹೊರಗೆ ಬಂತು. "ಬಿಡಿಯಾಗಿ ಇಲ್ಲ. ಡಬ್ಬಿ ಪೂರ್ತಿ ತಗೊಂಡ್ರೆ ಕೊಡ್ತೀನಿ" ಎಂದಿತು ದನಿ. ಕೈ ಹೋಗು ಹೋಗು ಎಂದು ಬೀಸಿ, ಕಿಟಕಿಯ ಬಾಗಿಲು ಎಳೆದುಕೊಂಡಿತು.

ಅದು ನಟನೆಯಾಗಿರಲಿಲ್ಲ. ಕ್ಯಾಮೆರಾ ರಸ್ತೆಯ ಆಚೆ ಇತ್ತು. ಉಲಿಮಾನಿಗೆ ಗೊತ್ತೇ ಇರಲಿಲ್ಲ. ಮೊದಲ ದಿನ ಈ ದೃಶ್ಯ ಬರುವ ಮೊದಲೇ ಅವನು ಎದ್ದು ಹೋಗಿದ್ದ. ಈಗ ಇಡೀ ಊರಿನ ಜೊತೆ ತನ್ನ ಕೈಯನ್ನು ತಾನೇ ನೋಡಿದ. ಯಾರೂ ಅವನತ್ತ ತಿರುಗಲಿಲ್ಲ. ಅವರೆಲ್ಲ ವಿಧವೆಯನ್ನು ನೋಡುತ್ತಿದ್ದರು. ಅವಳು ಖಾಲಿ ಬಾಟಲಿಯನ್ನು ಲಾವಲಾವಾದ ಅಂಚಿನಲ್ಲಿ ಒರೆಸಿ, ದೋಣಿಗೆ ಹತ್ತಿ, ಸುಮ್ಮನೆ ಕೂತಿರುವ ಹೊಸ ಯಂತ್ರದ ಪಕ್ಕದಲ್ಲಿ ಹುಟ್ಟು ಹಾಕತೊಡಗಿದಳು. ಅವಳು ಹುಟ್ಟು ಹಾಕಿದಳು, ಹಾಕಿದಳು, ಹಾಕುತ್ತಲೇ ಇದ್ದಳು. ಬಲು ನಿಧಾನವಾಗಿತ್ತು. ಸಭಾಭವನದಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಸಿನಿಮಾ ಮುಗಿದು ತಾಟು ಸರಿಸಿದಾಗ ಬಿಸಿಲು ಒಳಗೆ ಬಂತು. ಎಲ್ಲರೂ ಕೂತೇ ಇದ್ದರು. ಬಾಗಿಲ ಪಕ್ಕದ ಉಲಿಮಾನ ಜಾಗ ಮಾತ್ರ ಖಾಲಿಯಾಗಿತ್ತು. ಕಾಲಿಗೇರಿಸಿದ್ದೂ ಸೇರಿ ಚಪ್ಪಲಿಗಳೆರಡೂ ಅಲ್ಲೇ ಬಿದ್ದಿದ್ದವು. ಪೆನಿಯಾಮಿನನ ಮುಖ ಇಳಿದುಹೋಯಿತು. ಕೊನೆಗೂ ಒಬ್ಬ ಎದ್ದು ಹೋದನಲ್ಲ ಎಂದುಕೊಂಡ.

ಅಷ್ಟರಲ್ಲಿ ಉಲಿಮಾ ಬರಿಗಾಲಲ್ಲಿ ಏದುಸಿರು ಬಿಡುತ್ತ ಒಳಗೆ ನುಗ್ಗಿದ. ಕೈಯಲ್ಲಿ ಪೆಟ್ರೋಲಿನ ಡಬ್ಬಿ. ನೇರವಾಗಿ ಸಿನಪತಿಯ ಮುಂದೆ ಬಂದು ಅದನ್ನು ನೆಲದ ಮೇಲಿಟ್ಟ.

"ತಗೋ ಅಕ್ಕಾ" ಎಂದ. "ಅವತ್ತು ನಂಗೆ ಗೊತ್ತಾಗ್ಲಿಲ್ಲ ಕಣಕ್ಕಾ, ನೀನು ಎಲ್ಲಿಗೆ ಹೊರಟಿದ್ದೆ ಅಂತ."

ಸಿನಪತಿಗೆ ದೋಣಿಯಿಲ್ಲ, ಯಂತ್ರವಿಲ್ಲ. ಗಂಡ ಪಕ್ಕದಲ್ಲೇ ಗುಂಡುಕಲ್ಲಿನಂತೆ ನಿಂತಿದ್ದಾನೆ. ಇದು ಉಲಿಮಾನಿಗೂ ಗೊತ್ತು, ಊರಿಗೂ ಗೊತ್ತು. ಯಾರೂ ನಗಲಿಲ್ಲ. ಸಿನಪತಿ ಡಬ್ಬಿಯನ್ನು ಎತ್ತಿ ಅಲುಗಾಡಿಸಿ ನೋಡಿದಳು.

"ಇಷ್ಟು ಸಾಲದು ಉಲಿಮಾ. ಆ ದ್ವೀಪ ಬಹಳ ದೂರ" ಎಂದಳು.

"ಇನ್ನೊಂದು ತರ್ತೀನಿ ಇರು!" ಎಂದು ಉಲಿಮಾ ಮತ್ತೆ ಓಡಿದ. ಹಿಂದಿನ ಸಾಲಿನಲ್ಲಿ ಫುವತಿನೊ ಚೀಲದ ಜಿಪ್ಪು ಎಳೆದು, ಕ್ಯಾಮೆರಾ ಹೆಗಲಿಗೇರಿಸಿ, ಬರಿಗಾಲಲ್ಲಿ ಓಡುತ್ತಿದ್ದ ಆ ಮನುಷ್ಯನ ಬೆನ್ನಿಗೆ ತಿರುಗಿಸಿದಳು.

ಪೆನಿಯಾಮಿನನ ಎದೆ ಹೆಮ್ಮೆಯಿಂದ ಒಡೆದು ಹೋಗುವಂತಾಯಿತು. ಇಂಥ ಉಡುಗೊರೆಯನ್ನು ಅವನ ಏಳು ತಲೆಮಾರಿನಲ್ಲಿ ಯಾರೂ ಕೂಗಿರಲಿಲ್ಲ. ಕೋಲೂರಿ ನಿಂತ, ಚವರಿ ಸರಿಮಾಡಿಕೊಂಡ, ಉಸಿರೆಳೆದುಕೊಂಡ, ಬಾಯಿ ತೆರೆದ.

ಫುವತಿನೊ ಕ್ಯಾಮೆರಾದಿಂದ ಕಣ್ಣು ತೆಗೆಯದೆ, ಒಂದು ಕೈ ಚಾಚಿ ಅವನ ಲಾವಲಾವಾದ ಅಂಚು ಹಿಡಿದು ಕೆಳಗೆಳೆದಳು.

"ಕೂಗೋದೇನೂ ಬೇಡಪ್ಪಾ" ಎಂದಳು. "ಎಲ್ಲರೂ ನೋಡಿದಾರೆ."